ಎರೆನೆಲದ ಓಟಗಾರರಿಗೆ ಗೋಕರ್ಣದ ಕಡಲ ಹಾದಿ

ರೋಣ, ನರಗುಂದ, ಗಜೇಂದ್ರಗಡದ ಕಡೆ ದೇವರ ಹೆಸರಲ್ಲಿ ಹಾದಿ ಹಿಡಿಯುವುದು ಹೊಸದೇನಲ್ಲ. ಬನದ ಹುಣ್ಣಿಮೆಗೆ ಬಾದಾಮಿಯ ಬನಶಂಕರಿಗೆ, ಯುಗಾದಿ ಹತ್ತಿರವಾದಂತೆ ಶ್ರೀಶೈಲಕ್ಕೆ ನಡೆದೇ ಹೋಗುವವರು ಊರೂರಲ್ಲೂ ಇದ್ದಾರೆ. ಈಗ ಅದೇ ಊರುಗಳ ಹುಡುಗ ಹುಡುಗಿಯರು ನಸುಕಿನಲ್ಲಿ ಬೂಟು ಬಿಗಿದು ಓಡುತ್ತಿದ್ದಾರೆ. ಕೆಲವರದು ಪೊಲೀಸ್ ಭರ್ತಿಯ ತಯಾರಿ, ಕೆಲವರದು ಬೊಜ್ಜಿನ ಚಿಂತೆ, ಉಳಿದವರದು ಬರೀ ಖುಷಿ. ಡಾಂಬರು ರಸ್ತೆಯಲ್ಲಿ ಹತ್ತು ಕಿಲೋಮೀಟರ್ ನಿಲ್ಲದೆ ಓಡಿ, ಇನ್ನು ಕಾಲುಹಾದಿಯಲ್ಲಿ ಓಡಬೇಕು ಅನ್ನುವವರಿಗೆ ಈ ಲೇಖನ. ತಯಾರಿ ಮನೆ ಹತ್ತಿರದ ಗುಡ್ಡದಲ್ಲಿ, ಓಟ ಕಡಲ ದಂಡೆಯಲ್ಲಿ.

ಹಾದಿ ಯಾವುದು?

ರಾವಣನ ಕೈಯಿಂದ ಜಾರಿದ ಆತ್ಮಲಿಂಗದ ಕಥೆ ಎಲ್ಲರಿಗೂ ಗೊತ್ತು. ಲಿಂಗ ಗೋಕರ್ಣದಲ್ಲಿ ನೆಲ ಕಚ್ಚಿತು. ಅದರ ಸಂಪುಟ, ದಾರ, ವಸ್ತ್ರಗಳನ್ನು ಅವನು ಸಿಟ್ಟಿನಿಂದ ಬೀಸಿ ಒಗೆದ ಕಡೆಗಳಲ್ಲಿ ಇನ್ನೂ ನಾಲ್ಕು ಕ್ಷೇತ್ರಗಳಾದವು ಎನ್ನುತ್ತದೆ ಸ್ಥಳಪುರಾಣ. ಉತ್ತರದಿಂದ ಎಣಿಸಿದರೆ ಕಾರವಾರದ ಬಳಿಯ ಸಜ್ಜೇಶ್ವರ, ಗೋಕರ್ಣ, ಕುಮಟಾ ತಾಲ್ಲೂಕಿನ ಧಾರೇಶ್ವರ, ಹೊನ್ನಾವರ ತಾಲ್ಲೂಕಿನ ಗುಣವಂತೆ, ಭಟ್ಕಳ ತಾಲ್ಲೂಕಿನ ಮುರ್ಡೇಶ್ವರ. ಇವೇ ಪಂಚಕ್ಷೇತ್ರ. ನಡುವೆ ಗಂಗಾವಳಿ, ಅಘನಾಶಿನಿ, ಶರಾವತಿ ಹೊಳೆಗಳು ಸಮುದ್ರ ಸೇರುವುದರಿಂದ ಐದನ್ನೂ ದಂಡೆಗುಂಟ ಒಂದೇ ಸಮ ಓಡಲು ಬರುವುದಿಲ್ಲ. ಓಡುವ ಹುಮ್ಮಸ್ಸಿಗೂ ಅದು ಬೇಕಿಲ್ಲ.

ಓಟಕ್ಕೆ ಹೇಳಿಮಾಡಿಸಿದ್ದು ಕುಮಟಾದಿಂದ ಗೋಕರ್ಣದವರೆಗಿನ ತುಂಡು. ಸುತ್ತುಬಳಸು ಸೇರಿ ಸುಮಾರು 25 ಕಿ.ಮೀ. ಕುಮಟಾದ ದಂಡೆ, ವನ್ನಳ್ಳಿ, ಕಡ್ಲೆ, ಬಾಡ, ಕಾಗಾಲದ ಕಡೆಯ ಉದ್ದ ಮರಳು ದಾಟಿದರೆ ಅಘನಾಶಿನಿ ಊರು. ಅಲ್ಲಿ ಹೊಳೆ ದಾಟಿ ತದಡಿ. ಅಲ್ಲಿಂದ ಬೇಲೆಕಾನ, ಪ್ಯಾರಡೈಸ್, ಹಾಫ್ ಮೂನ್, ಓಂ, ಕುಡ್ಲೆ ದಂಡೆಗಳನ್ನು ಗುಡ್ಡದ ಕಾಲುಹಾದಿಯಲ್ಲಿ ಹತ್ತಿಳಿದರೆ ಗೋಕರ್ಣ. ಮೊದಲರ್ಧ ಬಹುಪಾಲು ಸಪಾಟು, ಎರಡನೆಯದು ಏರಿಳಿತ. ದಣಿದ ಕಾಲಿಗೆ ಗುಡ್ಡ ಎದುರಾಗುತ್ತದೆ ಎಂಬುದನ್ನು ಮೊದಲೇ ಮನಸ್ಸಿಗೆ ಹಾಕಿಕೊಳ್ಳಿ. ಅಷ್ಟು ದೂರ ಬೇಡ ಎನ್ನುವವರು ಗೋಕರ್ಣದಿಂದ ಓಂ ದಂಡೆಗೆ ಹೋಗಿ ಬಂದರೂ ಎಂಟು ಹತ್ತು ಕಿಲೋಮೀಟರ್ ಆಗುತ್ತದೆ. ಮೊದಲ ಸಲಕ್ಕೆ ನನ್ನ ಮತ ಇದಕ್ಕೇ.

ಮೊದಲ ಹೆಜ್ಜೆ: ಮೂರು ತಿಂಗಳು ಮನೆಯ ಸುತ್ತ

ನವೆಂಬರ್‌ನಿಂದ ಫೆಬ್ರುವರಿ ಕರಾವಳಿ ಓಟದ ಕಾಲ. ಜೂನ್‌ನಿಂದ ಸೆಪ್ಟೆಂಬರ್ ತನಕ ಆ ಕಡೆ ಓಡುವ ಮಾತೇ ಬೇಡ. ಕಡಲು ಕೆರಳಿರುತ್ತದೆ, ಬಂಡೆಗಳು ಪಾಚಿ ಕಟ್ಟಿರುತ್ತವೆ. ಜನವರಿಯಲ್ಲಿ ಹೋಗುವುದಾದರೆ ದಸರೆಯ ಹೊತ್ತಿಗೆ ತಯಾರಿ ಶುರುವಾಗಲಿ.

ವಾರಕ್ಕೆ ನಾಲ್ಕು ಓಟ ಸಾಕು. ಎರಡು ಸಣ್ಣವು, ಒಂದು ಗುಡ್ಡದ್ದು, ಒಂದು ಉದ್ದನೆಯದು. ಉದ್ದನೆಯ ಓಟವನ್ನು ವಾರಕ್ಕೆ ಒಂದೆರಡು ಕಿಲೋಮೀಟರ್‌ನಂತೆ ಬೆಳೆಸಿ, ಪ್ರತಿ ನಾಲ್ಕನೇ ವಾರ ತುಸು ಇಳಿಸಿ. ಇಪ್ಪತ್ತು ಮುಟ್ಟಿದರೆ ಇಪ್ಪತ್ತೈದಕ್ಕೆ ಕಾಲು ತಯಾರಾದಂತೆ. ಕೈಗಡಿಯಾರದ ಲೆಕ್ಕಕ್ಕಿಂತ ಉಸಿರಿನ ಲೆಕ್ಕ ನಂಬಿಗಸ್ತ: ಓಡುತ್ತಲೇ ಜೊತೆಗಾರನಿಗೆ ಒಂದು ಪೂರ್ತಿ ಮಾತು ಹೇಳಲು ಬಂದರೆ ವೇಗ ಸರಿಯಿದೆ.

ಗುಡ್ಡಕ್ಕೆ ಗಜೇಂದ್ರಗಡದವರು ಎಲ್ಲಿಗೂ ಹೋಗಬೇಕಿಲ್ಲ. ಕೋಟೆಯ ಗುಡ್ಡವಿದೆ, ಕಾಲಕಾಲೇಶ್ವರದ ಕೆಂಪು ಬಂಡೆಯ ಗುಡ್ಡವಿದೆ, ಮೇಲೆ ಗಾಳಿಯಂತ್ರಗಳಿಗೆಂದು ಮಾಡಿದ ಮಣ್ಣಿನ ರಸ್ತೆಗಳಿವೆ. ಉದ್ದನೆಯ ಓಟಕ್ಕೆ ಈ ಮಣ್ಣಿನ ರಸ್ತೆಗಳಷ್ಟು ಒಳ್ಳೆಯ ನೆಲ ಜಿಲ್ಲೆಯಲ್ಲಿ ಕಡಿಮೆ. ಕಾವಲುಗಾರರು ಬೇಡ ಎಂದ ಕಡೆ ಹೋಗಬೇಡಿ, ಕಂಬಗಳ ಬುಡದಿಂದ ದೂರವಿರಿ. ಕಾಲಕಾಲೇಶ್ವರದ ಮೆಟ್ಟಿಲನ್ನು ಭಕ್ತರ ನಡುವೆ ಓಡಿ ಹತ್ತುವುದು ಸರಿಯಲ್ಲ. ಅಲ್ಲಿ ನಡೆದೇ ಹತ್ತಿ, ಅಂತರಗಂಗೆಯ ನೀರಿನ ಬಳಿ ಕೂತು ದಣಿವಾರಿಸಿಕೊಳ್ಳಿ. ದವನದ ಹುಣ್ಣಿಮೆಯ ಜಾತ್ರೆಯ ದಿನಗಳಲ್ಲಂತೂ ಓಟಕ್ಕೆ ಬೇರೆ ಜಾಗ ನೋಡಿ.

ನರಗುಂದದವರಿಗೆ ಬಯಲಿನಲ್ಲಿ ಒಂಟಿಯಾಗಿ ಎದ್ದ ಗುಡ್ಡವಿದೆ. 1858ರಲ್ಲಿ ಬ್ರಿಟಿಷರ ಮೇಲೆ ತಿರುಗಿಬಿದ್ದ ಬಾಬಾಸಾಹೇಬ ಭಾವೆಯ ಕೋಟೆ ಇದ್ದದ್ದು ಇಲ್ಲಿಯೇ. ಏರು ಕಡಿದಾದ್ದರಿಂದ ಸಣ್ಣ ಸಣ್ಣ ಸುತ್ತು ಹಾಕಿ: ಒಂದೆರಡು ನಿಮಿಷ ಚುರುಕಾಗಿ ಹತ್ತಿ, ನಡೆದು ಇಳಿದು, ಮತ್ತೆ ಹತ್ತಿ. ಆರು ಸಲ ಆದಮೇಲೆ ಮನೆಗೆ ನಡೆಯಿರಿ. ಇಳಿಯುವಾಗ ಹೆಜ್ಜೆ ಗಿಡ್ಡವಾಗಿರಲಿ, ಮೊಣಕಾಲು ತುಸು ಬಗ್ಗಿರಲಿ. ಹತ್ತುವಾಗ ಎದೆಗೆ ಕಷ್ಟ, ಇಳಿಯುವಾಗ ತೊಡೆಗೆ ಕಷ್ಟ. ಮರುದಿನ ನೋಯುವುದು ಇಳಿದದ್ದಕ್ಕೇ.

ರೋಣದ ಸುತ್ತ ಗುಡ್ಡವಿಲ್ಲ. ಆದರೆ ಮರಳು ಹತ್ತಿರದಲ್ಲೇ ಇದೆ. ಹೊಳೆಆಲೂರಿನ ಬಳಿ ಮಲಪ್ರಭೆ ಬತ್ತಿದ ದಿನಗಳಲ್ಲಿ ಹೊಳೆಯ ಮರಳ ಮೇಲೆ ಅರ್ಧ ತಾಸು ಓಡಿದರೆ ಕರಾವಳಿಗೆ ಬೇಕಾದ ಪಾದ, ಮೀನಖಂಡ ಎರಡೂ ಗಟ್ಟಿಯಾಗುತ್ತವೆ. ಎರಡು ಎಚ್ಚರ: ಮರಳು ತೆಗೆದ ಗುಂಡಿಗಳಿರುತ್ತವೆ, ಬೆಳಕು ಹರಿಯುವ ಮೊದಲು ಇಳಿಯಬೇಡಿ, ಮೇಲೆ ನವಿಲುತೀರ್ಥದ ಅಣೆಕಟ್ಟೆಯಿಂದ ನೀರು ಬಿಡುತ್ತಾರೆ ಎಂಬ ಸುದ್ದಿಯಿದ್ದರೆ ಆ ದಿನ ದಂಡೆಯ ಮೇಲೇ ಇರಿ. ಮಳೆ ಬಿದ್ದ ದಿನ ಎರೆಹೊಲದ ಬಂಡಿದಾರಿಗೆ ಕಾಲಿಡಬೇಡಿ ಎಂದು ಈ ಸೀಮೆಯವರಿಗೆ ಹೇಳಿಕೊಡಬೇಕಿಲ್ಲ. ಬೂಟು ಒಂದೊಂದು ಸೇರು ತೂಗತೊಡಗುತ್ತದೆ. ಬೇಸಿಗೆಯಲ್ಲಿ ನೆಲ ಬಾಯಿ ಬಿಟ್ಟಾಗ ಬಿರುಕಿನಲ್ಲಿ ಪಾದ ಸಿಕ್ಕಿ ಪಾದದ ಕೀಲು ಉಳುಕುತ್ತದೆ.

ಕಾಲುಹಾದಿಯಲ್ಲಿ ಕುರಿಹಿಂಡು ಎದುರಾದರೆ ಓಟ ನಿಲ್ಲಿಸಿ. ಹಿಂಡಿನ ನಾಯಿಗೆ ಓಡುವವನೆಂದರೆ ಕಳ್ಳ. ದೂರದಿಂದಲೇ “ಯಣ್ಣಾ, ನಾಯಿ ಹಿಡೀರಿ” ಎಂದು ಕೂಗಿ, ಕುರಿಗಾಹಿ ಓಗೊಟ್ಟ ಮೇಲೆ ಹಿಂಡಿನ ಮಗ್ಗುಲಿನಿಂದ ನಡೆದು ದಾಟಿ. ನಾಯಿಗೆ ಬೆನ್ನು ತೋರಿಸಬೇಡಿ, ಕಲ್ಲಿಗೆ ಬಗ್ಗಬೇಡಿ. ಐವತ್ತು ಹೆಜ್ಜೆ ಆಚೆ ಹೋದಮೇಲೆ ಓಡಿದರಾಯಿತು.

ಎರಡನೇ ಹೆಜ್ಜೆ: ಸಮುದ್ರದ ವೇಳಾಪಟ್ಟಿ

ನಮ್ಮ ಕಡೆಯವರು ಎಡವುವುದು ಇಲ್ಲಿಯೇ. ಗುಡ್ಡ ಯಾವಾಗ ಹೋದರೂ ಅಲ್ಲೇ ಇರುತ್ತದೆ, ದಂಡೆ ಹಾಗಲ್ಲ. ಬೆಳಿಗ್ಗೆ ಅಗಲವಾಗಿ ಬಿದ್ದಿದ್ದ ಗಟ್ಟಿ ಮರಳು ನಾಲ್ಕು ತಾಸಿನ ಮೇಲೆ ನೀರಿನಡಿ ಹೋಗಿರುತ್ತದೆ. ಆಗ ಓಡಲು ಉಳಿಯುವುದು ಮೇಲಿನ ಸಡಿಲ ಮರಳು, ಇಲ್ಲವೇ ಬಂಡೆ.

ದಿನಕ್ಕೆ ಸಾಮಾನ್ಯವಾಗಿ ಎರಡು ಉಬ್ಬರ, ಎರಡು ಇಳಿತ. ಒಂದು ಉಬ್ಬರದಿಂದ ಇಳಿತಕ್ಕೆ ಆರು ತಾಸಿನ ಮೇಲೆ ಸ್ವಲ್ಪ. ಪ್ರತಿದಿನ ಹೊತ್ತು ಸುಮಾರು ಐವತ್ತು ನಿಮಿಷ ಮುಂದಕ್ಕೆ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ನೀರು ಹೆಚ್ಚು ಏರುತ್ತದೆ, ಹೆಚ್ಚು ಇಳಿಯುತ್ತದೆ. ಅಷ್ಟಮಿಯ ಹೊತ್ತಿಗೆ ಏರಿಳಿತ ಕಡಿಮೆ. ನಮ್ಮ ಕರಾವಳಿಯಲ್ಲಿ ಅಮಾವಾಸ್ಯೆ, ಹುಣ್ಣಿಮೆಯ ದಿನಗಳಲ್ಲಿ ಇಳಿತ ಸುಮಾರಾಗಿ ನಸುಕಿಗೆ ಬೀಳುತ್ತದೆ, ಉಬ್ಬರ ಮಧ್ಯಾಹ್ನದ ಮೊದಲು. ಓಟಗಾರನಿಗೆ ಇದು ವರ. ಪಂಚಾಂಗ ನೋಡಿ ದಿನ ಗೊತ್ತುಮಾಡಿ, ಆ ದಿನದ ನಿಖರ ಹೊತ್ತಿಗೆ ಕಾರವಾರ ಬಂದರಿನ ಉಬ್ಬರವಿಳಿತದ ಪಟ್ಟಿಯನ್ನು ಫೋನಿನಲ್ಲಿ ನೋಡಿಕೊಳ್ಳಿ. ಅದಕ್ಕಿಂತ ಒಳ್ಳೆಯದು, ಹಿಂದಿನ ಸಂಜೆ ದಂಡೆಯಲ್ಲಿ ಬಲೆ ಸರಿಮಾಡುವವರನ್ನು ಕೇಳುವುದು. ಅಘನಾಶಿನಿಯ ಮುಖದಲ್ಲಿ ನೀರಿಳಿದಾಗ ಚಿಪ್ಪಿ ಆರಿಸುವವರ ದಿನಚರಿಯೇ ಈ ಲೆಕ್ಕದ ಮೇಲೆ ನಡೆಯುತ್ತದೆ.

ಶಿವರಾತ್ರಿ ಬರುವುದು ಅಮಾವಾಸ್ಯೆಯ ಹಿಂದಿನ ದಿನ. ನೀರಿನ ಲೆಕ್ಕದಲ್ಲಿ ನಸುಕಿನ ಓಟಕ್ಕೆ ಒಳ್ಳೆಯ ದಿನವೇ. ಜನರ ಲೆಕ್ಕದಲ್ಲಿ ಅಲ್ಲ. ಆ ವಾರ ಗೋಕರ್ಣ ಯಾತ್ರಿಕರದ್ದು. ಓಟಗಾರರು ಮುಂದಿನ ಹುಣ್ಣಿಮೆ ನೋಡಿಕೊಳ್ಳಲಿ.

ಮೂರನೇ ಹೆಜ್ಜೆ: ಚೀಲ, ಬೂಟು, ಬುತ್ತಿ

ಹಳೆಯ, ಪಳಗಿದ ಬೂಟೇ ಬೇಕು. ಅಡಿಯಲ್ಲಿ ಹಲ್ಲು ಸವೆದಿರಬಾರದು. ಹತ್ತಿಯ ಕಾಲುಚೀಲ ಒದ್ದೆಯಾದರೆ ಬೊಬ್ಬೆ ಖಚಿತ, ಬೇಗ ಒಣಗುವ ಬಟ್ಟೆಯದು ತಗೊಳ್ಳಿ, ಇನ್ನೊಂದು ಜೊತೆ ಚೀಲದಲ್ಲಿರಲಿ. ಬೆರಳ ಸಂದಿಗೆ, ತೊಡೆ ಉಜ್ಜುವ ಕಡೆಗೆ ವ್ಯಾಸಲೀನ್. ಟೊಪ್ಪಿಗೆ, ಸೀಟಿ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಫೋನ್, ಚಿಲ್ಲರೆ ದುಡ್ಡು. ಒಂದು ಪಂಚೆಯನ್ನೂ ಮಡಚಿ ಹಾಕಿಕೊಳ್ಳಿ, ಕಾರಣ ಮುಂದೆ ಬರುತ್ತದೆ.

ಬಿಸಿಲಿಗೆ ನಮ್ಮವರು ಹೆದರುವುದಿಲ್ಲ. ಕರಾವಳಿಯಲ್ಲಿ ಕಾಡುವುದು ಬಿಸಿಲಲ್ಲ, ತೇವ. ಗದಗಿನ ಒಣಹವೆಯಲ್ಲಿ ಬೆವರು ಆರುತ್ತದೆ, ಮೈ ತಂಪಾಗುತ್ತದೆ. ಅಲ್ಲಿ ಬೆವರು ಆರದೆ ಹರಿಯುತ್ತಲೇ ಇರುತ್ತದೆ, ಮೈ ಕಾಯುತ್ತಲೇ ಇರುತ್ತದೆ. ಹಾಗಾಗಿ ವೇಗವನ್ನು ಮೊದಲೇ ಇಳಿಸಿ, ಉಪ್ಪನ್ನು ಮರೆಯಬೇಡಿ. ಓಆರ್‌ಎಸ್‌ನ ದೊಡ್ಡ ಪೊಟ್ಟಣವನ್ನು ಪೂರ್ತಿ ಒಂದು ಲೀಟರ್ ನೀರಿಗೆ ಹಾಕಿ. ಅರ್ಧ ಪೊಟ್ಟಣ, ಅಂದಾಜು ನೀರು ಮಾಡಬೇಡಿ. ಬರೀ ನೀರನ್ನು ಹೊಟ್ಟೆ ಬಿರಿಯ ಕುಡಿಯುವುದೂ ತಪ್ಪು. ತಿನ್ನಲು ಅಂಗಡಿಯ ಬಣ್ಣದ ಜೆಲ್ ಬೇಕಿಲ್ಲ: ಶೇಂಗಾ ಚಿಕ್ಕಿ, ಉತ್ತತ್ತಿ, ಬಾಳೆಹಣ್ಣು, ಮನೆಯ ಅಂಟಿನ ಉಂಡಿ ಇದ್ದರೆ ಸಾಕು. ಮುಕ್ಕಾಲು ತಾಸಿಗೊಮ್ಮೆ ಒಂದು ತುತ್ತು. ಹಿಂದಿನ ರಾತ್ರಿ ಗಿರಮಿಟ್, ಮೆಣಸಿನಕಾಯಿ ಭಜಿ ಮಾತ್ರ ದೂರವಿಡಿ. ಇದು ನಮ್ಮ ಸೀಮೆಯವರಿಗೆ ಇಪ್ಪತ್ತೈದು ಕಿಲೋಮೀಟರ್ ಓಡುವುದಕ್ಕಿಂತ ಕಠಿಣ ವ್ರತ.

ನಾಲ್ಕನೇ ಹೆಜ್ಜೆ: ಹೋಗುವುದು

ನರಗುಂದ ಹುಬ್ಬಳ್ಳಿ–ವಿಜಯಪುರ ಹೆದ್ದಾರಿಯಲ್ಲೇ ಇದೆ. ರೋಣ, ಗಜೇಂದ್ರಗಡದವರು ಗದಗಿನ ಮೇಲೆ ಹುಬ್ಬಳ್ಳಿ ಸೇರಬೇಕು. ಹುಬ್ಬಳ್ಳಿಯಿಂದ ಯಲ್ಲಾಪುರ, ಅರಬೈಲ್ ಘಟ್ಟ ಇಳಿದು ಅಂಕೋಲಾ, ಅಲ್ಲಿಂದ ಕುಮಟಾ. ಹುಬ್ಬಳ್ಳಿ–ಅಂಕೋಲಾ ರೈಲು ಇನ್ನೂ ಕಾಗದದ ಮೇಲಿರುವುದರಿಂದ ಬಸ್ಸೇ ಗತಿ. ಓಟದ ಹಿಂದಿನ ದಿನ ಮಧ್ಯಾಹ್ನಕ್ಕೇ ತಲುಪಿದರೆ ಸಂಜೆ ಧಾರೇಶ್ವರಕ್ಕೆ ಹೋಗಿ ದರ್ಶನ ಮುಗಿಸಿ, ಕುಮಟಾದಲ್ಲಿ ಮಲಗಬಹುದು. ಒಬ್ಬರೇ ಓಡಬೇಡಿ. ಮೂರು ನಾಲ್ಕು ಜನ ಒಳ್ಳೆಯ ಗುಂಪು.

ಐದನೇ ಹೆಜ್ಜೆ: ಓಟದ ದಿನ

ಜನವರಿಯಲ್ಲಿ ಸೂರ್ಯ ಕಾಣುವುದು ಏಳರ ಸುಮಾರಿಗೆ. ಆರೂವರೆಗೆ, ಮುಖ ಕಾಣುವಷ್ಟು ಬೆಳಕಾದಾಗ ಹೊರಡಿ.

ಯಾವ ಮರಳ ಮೇಲೆ ಓಡಬೇಕು ಎಂಬುದನ್ನು ಪಾದವೇ ಹೇಳುತ್ತದೆ. ಅಲೆ ಬಂದು ಹೋದ ಒದ್ದೆ ಮರಳಿನ ಮೇಲೆ ಹೆಜ್ಜೆ ಇಟ್ಟಾಗ ಪಾದದ ಸುತ್ತ ಮರಳು ಒಂದು ಕ್ಷಣ ಒಣಗಿದಂತೆ ಬೆಳ್ಳಗಾದರೆ ಅದು ಗಟ್ಟಿ ನೆಲ, ಅಲ್ಲೇ ಓಡಿ. ಹೆಜ್ಜೆಗುಂಡಿಯಲ್ಲಿ ನೀರು ಜಿನುಗಿ ಅಂಚು ಕುಸಿದರೆ ತುಸು ಮೇಲಕ್ಕೆ ಸರಿಯಿರಿ. ಪುಡಿಪುಡಿಯಾಗಿ ಜಾರಿದರೆ ತುಸು ಕೆಳಕ್ಕೆ. ದಂಡೆ ಕಡಲಿನತ್ತ ವಾಲಿರುವುದರಿಂದ ಉತ್ತರಕ್ಕೆ ಓಡುವಾಗ ಎಡಗಾಲು ಸದಾ ತಗ್ಗಿನಲ್ಲಿರುತ್ತದೆ. ಸೊಂಟ, ಮೊಣಕಾಲಿಗೆ ಇದು ಹಿಡಿಯುತ್ತದೆ. ಆಗಾಗ ಮೇಲಿನ ಸಪಾಟು ಪಟ್ಟಿಗೆ ಹೋಗಿ ಐದು ನಿಮಿಷ ನಡೆಯಿರಿ.

ದಂಡೆ ಮುಗಿದು ಬಂಡೆ ಎದುರಾದ ಕಡೆಯೆಲ್ಲ ಒಂದೇ ನಿಯಮ: ಅಲೆ ಬಡಿಯುವ ಕಪ್ಪು ಒದ್ದೆ ಬಂಡೆಗೆ ಕಾಲಿಡದೆ ಮೇಲಿನ ಕಾಲುಹಾದಿ ಹುಡುಕಿ. ಹಾದಿ ತಿಳಿಯದಿದ್ದರೆ ಊರಿನವರನ್ನು “ಅಣ್ಣಾ, ಅಕ್ಕಾ” ಎಂದು ಕೇಳಿ. ಸೆಲ್ಫಿಗೆ ಬಂಡೆಯ ತುದಿಗೆ ಹೋಗುವವರ ಸಂಗಡ ಓಡದಿರುವುದೇ ಒಳ್ಳೆಯದು.

ಅಘನಾಶಿನಿಯಲ್ಲಿ ಹೊಳೆ ದಾಟಿಸಲು ಬಾರ್ಜ್ ಇದೆ. ಜನ, ಸ್ಕೂಟರು, ಮೀನಿನ ಬುಟ್ಟಿ ಎಲ್ಲ ಒಟ್ಟಿಗೆ. ಅದರ ಹೊತ್ತನ್ನು ಹಿಂದಿನ ದಿನವೇ ಕೇಳಿಟ್ಟುಕೊಳ್ಳಿ. ಕಾಯುವಾಗ ಬೂಟು ಬಿಚ್ಚಿ ಮರಳು ಕೊಡವಿ, ಕಾಲುಚೀಲ ಬದಲಿಸಿ, ಪಾದದಲ್ಲಿ ಕೆಂಪಾದ ಕಡೆ ಪಟ್ಟಿ ಹಚ್ಚಿ. ಈ ಹತ್ತು ನಿಮಿಷವನ್ನು ಉಳಿಸಲು ಹೋದವರು ಓಂ ದಂಡೆಯಲ್ಲಿ ಕುಂಟುತ್ತಾರೆ. ಇಲ್ಲಿಗೇ ತಲೆಸುತ್ತು, ಓಕರಿಕೆ, ಚಳಿ ಬಂದಂತಾಗುವುದು ಕಂಡರೆ ಓಟ ಅಲ್ಲಿಗೇ ಮುಗಿಸಿ; ತದಡಿಯಿಂದ ಗೋಕರ್ಣಕ್ಕೆ ರಸ್ತೆಯಿದೆ. ತುರ್ತಿಗೆ 112, ಆಂಬುಲೆನ್ಸ್‌ಗೆ 108.

ತದಡಿಯ ಆಚೆ ಏರು ಬಂದಲ್ಲಿ ನಡೆಯಿರಿ, ಸಪಾಟು ಬಂದಲ್ಲಿ ಓಡಿ. ಚೀರೆಕಲ್ಲಿನ ಹಾದಿಯಲ್ಲಿ ಒಣ ಎಲೆ ಬಿದ್ದಿರುತ್ತದೆ, ಅಡಿಯ ಉರುಟು ಕಲ್ಲು ಕಾಣುವುದಿಲ್ಲ. ಪ್ಯಾರಡೈಸ್‌ನಿಂದ ಹಾಫ್ ಮೂನ್ ತನಕ ಕಷ್ಟದ ತುಂಡು, ಅಲ್ಲಿ ಕೈಯೂ ಬಳಸಬೇಕಾಗುತ್ತದೆ. ಓಂ, ಕುಡ್ಲೆಯಲ್ಲಿ ಚಹಾ, ಎಳನೀರು ಸಿಗುತ್ತದೆ. ಬೆವರಿದ ಮೈಯಲ್ಲಿ ಈಜಲು ಇಳಿಯಬೇಡಿ. ಈ ದಂಡೆಗಳಲ್ಲಿ ಮುಳುಗಿ ಸತ್ತವರಲ್ಲಿ ಕೆರೆ, ಬಾವಿಯ ಈಜು ಬಲ್ಲವರೂ ಇದ್ದಾರೆ. ಜೀವರಕ್ಷಕರು ಬೇಡವೆಂದರೆ ವಾದ ಬೇಡ.

ಗೋಕರ್ಣದಲ್ಲಿ

ಊರು ಮುಟ್ಟಿದ ಮೇಲೆ ಓಟ ನಿಲ್ಲಿಸಿ, ರಥಬೀದಿಯಲ್ಲಿ ನಡೆಯಿರಿ. ಸ್ನಾನ ಮಾಡಿ ಮೊದಲು ಮಹಾಗಣಪತಿ, ಆಮೇಲೆ ಮಹಾಬಲೇಶ್ವರ. ಯಾತ್ರಿಕರ ಕ್ರಮ ಇದು. ಚಡ್ಡಿಯಲ್ಲಿ ಒಳಗೆ ಬಿಡುವುದಿಲ್ಲ. ಗಂಡಸರು ಅಂಗಿ ತೆಗೆದು ಪಂಚೆ ಉಡಬೇಕು, ಹೆಂಗಸರಿಗೆ ಸೀರೆ ಅಥವಾ ಚೂಡಿದಾರ. ಚೀಲದ ಪಂಚೆ ಇದಕ್ಕೇ. ಮಧ್ಯಾಹ್ನ ಗುಡಿ ಮುಚ್ಚುವುದರಿಂದ ಹನ್ನೊಂದೂವರೆಯ ಒಳಗೆ ಸೇರುವಂತೆ ನೋಡಿಕೊಳ್ಳಿ. ತಡವಾದರೆ ಊಟ ಮುಗಿಸಿ, ಮಲಗಿ, ಸಂಜೆ ಹೋಗಿ.

ಅಂದೇ ರಾತ್ರಿಯ ಬಸ್ಸಿಗೆ ಹತ್ತುವುದಾದರೆ ಹುಬ್ಬಳ್ಳಿಯ ತನಕ ತಾಸಿಗೊಮ್ಮೆ ಕಾಲು ಚಾಚಿ, ಬಸ್ಸು ನಿಂತಲ್ಲೆಲ್ಲ ಇಳಿದು ನಾಲ್ಕು ಹೆಜ್ಜೆ ಹಾಕಿ. ಮುಂದಿನ ಮೂರು ದಿನ ಓಟವಿಲ್ಲ, ಬರೀ ನಡಿಗೆ. ಬೂಟನ್ನು ಅಟ್ಟೆ ತೆಗೆದು ಸಿಹಿನೀರಿನಲ್ಲಿ ಎರಡು ಸಲ ಜಾಲಿಸಿ, ಒಳಗೆ ಹಳೆಯ ಪೇಪರು ತುರುಕಿ ನೆರಳಲ್ಲಿ ಒಣಗಿಸಿ. ಉಪ್ಪುನೀರು ಕುಡಿದ ಬೂಟನ್ನು ಹಾಗೇ ನಮ್ಮ ಬಿಸಿಲಿಗಿಟ್ಟರೆ ಅಂಟು ಬಿಟ್ಟು ಅಡಿ ಕಳಚುತ್ತದೆ.