ಹಳೇ ‘ಡೂಮ್’ಗೆ ಹೊಸ ಲೆವೆಲ್ ಹಾಕಿಕೊಳ್ಳುವುದು ಹೇಗೆ?

ಅಮೆರಿಕದ ಐಡಿ ಸಾಫ್ಟ್‌ವೇರ್ ಸಂಸ್ಥೆ ‘ಡೂಮ್’ ಆಟವನ್ನು ಬಿಡುಗಡೆ ಮಾಡಿದ್ದು 1993ರ ಡಿಸೆಂಬರ್ 10ರಂದು. ಆ ಆಟಕ್ಕೆ ಈಗಲೂ ಹೊಸ ಲೆವೆಲ್‌ಗಳು ಬರುತ್ತಲೇ ಇವೆ. ಮಾಡುವವರು ಅಭಿಮಾನಿಗಳು, ಬಹುಪಾಲು ಎಲ್ಲವೂ ಉಚಿತ. ಆಟ ಕಟ್ಟಿದವರು ಮ್ಯಾಪ್, ಚಿತ್ರ, ಸದ್ದುಗಳನ್ನು ಪ್ರೋಗ್ರಾಂನಿಂದ ಬೇರ್ಪಡಿಸಿ ‘ವ್ಯಾಡ್’ ಎಂಬ ಫೈಲ್‌ನಲ್ಲಿ ಇಟ್ಟಿದ್ದರಿಂದ ಇದು ಸಾಧ್ಯವಾಯಿತು. ಮೇಲೊಂದು ಹೊಸ ವ್ಯಾಡ್ ಕೊಟ್ಟರೆ ಆಟ ಹೊಸ ಮ್ಯಾಪ್ ತೋರಿಸುತ್ತದೆ, ಮೂಲ ಫೈಲ್‌ಗೆ ಏನೂ ಆಗುವುದಿಲ್ಲ. 1997ರ ಡಿಸೆಂಬರ್‌ನಲ್ಲಿ ಸಂಸ್ಥೆ ಸೋರ್ಸ್ ಕೋಡನ್ನೇ ಬಿಟ್ಟುಕೊಟ್ಟಿತು. ಇಂದಿನ ಕಂಪ್ಯೂಟರ್‌ಗಳಲ್ಲಿ ಓಡುವ ಎಂಜಿನ್‌ಗಳು ಹುಟ್ಟಿಕೊಂಡಿದ್ದು ಅದರಿಂದಲೇ.

ಎಂಜಿನ್, ಮೂಲ ವ್ಯಾಡ್, ಹೊಸ ವ್ಯಾಡ್ ಈ ಮೂರೂ ಒಂದಕ್ಕೊಂದು ಹೊಂದಬೇಕು. ಹೊಸಬರಿಗೆ ಎದುರಾಗುವ ಹೆಚ್ಚಿನ ತೊಂದರೆಗಳು ಈ ಹೊಂದಾಣಿಕೆ ತಪ್ಪಿದ್ದರಿಂದಲೇ ಬಂದಿರುತ್ತವೆ.

1. ಎಂಜಿನ್ ಆರಿಸಿ

ಮೊದಲ ಸಲಕ್ಕೆ ‘ಜಿಝೆಡ್‌ಡೂಮ್’ ಅನುಕೂಲ. ಹೆಚ್ಚಿನ ಲೆವೆಲ್‌ಗಳು ಅದರಲ್ಲಿ ನಡೆಯುತ್ತವೆ. ಗ್ರಾಫಿಕ್ಸ್ ಸಾಮರ್ಥ್ಯ ಕಡಿಮೆಯಿರುವ ಹಳೆಯ ಲ್ಯಾಪ್‌ಟಾಪ್ ಆದರೆ ‘ಡಿಎಸ್‌ಡಿಎ-ಡೂಮ್’ ನೋಡಿ. ‘ಚಾಕೊಲೇಟ್ ಡೂಮ್’ 90ರ ದಶಕದ ಆಟವನ್ನು ಅದರ ಮಿತಿಗಳ ಸಮೇತ ಉಳಿಸಿಕೊಂಡಿದೆ. ಹೀಗಾಗಿ ಈಚಿನ ದೊಡ್ಡ ಮ್ಯಾಪ್‌ಗಳನ್ನು ಅದು ತಾಳಿಕೊಳ್ಳುವುದಿಲ್ಲ.

ವಿಂಡೋಸ್‌ನಲ್ಲಿ ಝಿಪ್ ಫೈಲ್ ಇಳಿಸಿಕೊಂಡು, ‘ಡೂಮ್’ ಎಂಬ ಹೊಸ ಫೋಲ್ಡರ್ ಮಾಡಿ ಅದರಲ್ಲಿ ಅನ್‌ಝಿಪ್ ಮಾಡಿ.

2. ಮೂಲ ವ್ಯಾಡ್ ತನ್ನಿ

ಸೋರ್ಸ್ ಕೋಡ್ ಮುಕ್ತವಾದರೂ ಮೂಲ ಆಟದ ಚಿತ್ರ, ಸದ್ದು, ಮ್ಯಾಪ್‌ಗಳ ಹಕ್ಕು ಇನ್ನೂ ಕಂಪನಿಯದೇ. ಆಟವನ್ನು ಕೊಂಡಿದ್ದರೆ ಅದರ ಫೋಲ್ಡರ್‌ನಲ್ಲಿ ‘ಡೂಮ್.ವ್ಯಾಡ್’ ಅಥವಾ ‘ಡೂಮ್2.ವ್ಯಾಡ್’ ಹುಡುಕಿ, ಎಂಜಿನ್ ಇರುವ ಫೋಲ್ಡರ್‌ಗೆ ನಕಲು ಮಾಡಿ.

ಕೊಂಡಿಲ್ಲವೇ? ‘ಫ್ರೀಡೂಮ್’ ಇದೆ. ತನ್ನದೇ ಚಿತ್ರ, ಸದ್ದು, ರಾಕ್ಷಸರನ್ನು ಹೊಂದಿರುವ ಈ ಯೋಜನೆ ಪೂರ್ತಿ ಮುಕ್ತ. ಅದರ ಮೊದಲ ಹಂತ ‘ಡೂಮ್’ ಜಾಗದಲ್ಲೂ ಎರಡನೇ ಹಂತ ‘ಡೂಮ್ 2’ ಜಾಗದಲ್ಲೂ ಕೂರುತ್ತದೆ. ಅಭಿಮಾನಿಗಳ ಲೆವೆಲ್‌ಗಳಲ್ಲಿ ಹೆಚ್ಚಿನವು ‘ಡೂಮ್ 2’ಗಾಗಿ ಮಾಡಿದವು. ಆದ್ದರಿಂದ ಎರಡನೇ ಹಂತದ ಫೈಲ್ ಮರೆಯಬೇಡಿ. ಈಗ ಎಂಜಿನ್ ತೆರೆದು, ಆಟ ಶುರುವಾಗುತ್ತದೆಯೇ ನೋಡಿ. ಇದು ಸರಿಯಾಗದೆ ಮುಂದಿನ ಹೆಜ್ಜೆ ಬೇಡ.

3. ಲೆವೆಲ್ ಇಳಿಸಿ, ಟೆಕ್ಸ್ಟ್ ಫೈಲ್ ಓದಿ

ಅಭಿಮಾನಿಗಳ ಕೆಲಸಗಳ ದೊಡ್ಡ ಉಗ್ರಾಣ ‘ಐಡಿಗೇಮ್ಸ್ ಆರ್ಕೈವ್’. ಅಲ್ಲಿಂದ ತಂದ ಝಿಪ್‌ನಲ್ಲಿ ವ್ಯಾಡ್ ಜೊತೆಗೆ ಸಾಮಾನ್ಯವಾಗಿ ಒಂದು ಟೆಕ್ಸ್ಟ್ ಫೈಲ್ ಇರುತ್ತದೆ. ಯಾವ ಮೂಲ ಆಟ ಬೇಕು, ಯಾವ ಎಂಜಿನ್ ಬೇಕು, ಯಾವ ಮ್ಯಾಪ್‌ಗಳನ್ನು ಬದಲಿಸಲಾಗಿದೆ, ಒಬ್ಬರೇ ಆಡುವಂಥದೋ ಜೊತೆಗೂಡಿ ಆಡುವಂಥದೋ ಎಲ್ಲವೂ ಅದರಲ್ಲಿರುತ್ತದೆ.

ಒಂದು ಎಚ್ಚರಿಕೆ: ವ್ಯಾಡ್ ಎಂಬುದು ಪ್ರೋಗ್ರಾಂ ಅಲ್ಲ, ಬರೀ ದತ್ತಾಂಶ. ಝಿಪ್‌ನಲ್ಲಿ ‘.ಇಎಕ್ಸ್‌ಇ’ ಫೈಲ್ ಕಂಡರೆ ಒತ್ತಲು ಹೋಗಬೇಡಿ.

4. ಎಳೆದು ಬಿಡಿ

ಹೊಸ ವ್ಯಾಡನ್ನು ಮೌಸ್‌ನಿಂದ ಎಳೆದು ಜಿಝೆಡ್‌ಡೂಮ್ ಐಕಾನ್ ಮೇಲೆ ಬಿಡಿ. ಮೂಲ ವ್ಯಾಡ್‌ಗಳು ಒಂದಕ್ಕಿಂತ ಹೆಚ್ಚಿದ್ದರೆ ಯಾವುದು ಎಂದು ಕೇಳುತ್ತದೆ; ಟೆಕ್ಸ್ಟ್ ಫೈಲ್ ಹೇಳಿದ್ದನ್ನೇ ಆರಿಸಿ. ಝಿಪ್‌ನಲ್ಲಿ ‘.ಡಿಇಎಚ್’ ಫೈಲ್ ಇದ್ದರೆ ಎರಡನ್ನೂ ಒಟ್ಟಿಗೆ ಹಿಡಿದು ಎಳೆಯಿರಿ. ರಾಕ್ಷಸರ ಸ್ವಭಾವ, ಆಯುಧಗಳ ಬಲವನ್ನು ಬದಲಿಸುವುದು ಅದೇ.

5. ಆಡುವ ಮುನ್ನ

ಹಳೆಯ ಲೆವೆಲ್‌ಗಳನ್ನು ಕಟ್ಟುವಾಗ ಆಟಗಾರ ಜಿಗಿಯಬಲ್ಲ ಎಂಬ ಲೆಕ್ಕವೇ ಇರಲಿಲ್ಲ. ಮೂಲ ಡೂಮ್‌ನಲ್ಲಿ ಜಿಗಿತವಾಗಲಿ, ಬಗ್ಗಿ ನಡೆಯುವುದಾಗಲಿ ಇಲ್ಲ. ಜಿಝೆಡ್‌ಡೂಮ್‌ನ ಗೇಮ್‌ಪ್ಲೇ ಆಯ್ಕೆಗಳಲ್ಲಿ ಇವೆರಡನ್ನೂ ಆಫ್ ಮಾಡಿ. ಇಲ್ಲವಾದರೆ ಬೀಗದ ಕೈ ಹುಡುಕುವ ಮೊದಲೇ ಗೋಡೆ ಹಾರಿ ಎಲ್ಲೋ ಸಿಕ್ಕಿಕೊಳ್ಳುತ್ತೀರಿ.

ಕಷ್ಟದ ಮಟ್ಟ ಐದು. ಅಭಿಮಾನಿಗಳ ಲೆವೆಲ್‌ಗಳು ಮೂಲಕ್ಕಿಂತ ಬಿಗಿ. ಎರಡನೆಯದರಿಂದ ಶುರು ಮಾಡಿದರೆ ಅವಮಾನವೇನಿಲ್ಲ. ರಕ್ತಪಾತದ ಆಟವಾದ್ದರಿಂದ ಚಿಕ್ಕ ಮಕ್ಕಳಿಗೆ ಬೇಡ.

ಕೈಕೊಟ್ಟರೆ

* ಹೊಸ ಮ್ಯಾಪ್ ಬದಲು ಹಳೆಯ ಮೊದಲ ಮ್ಯಾಪೇ ಬಂತೇ? ಮೂಲ ವ್ಯಾಡ್ ತಪ್ಪಾಗಿರಬಹುದು. ‘ಡೂಮ್’, ‘ಡೂಮ್ 2’ ಎರಡರಲ್ಲೂ ಮ್ಯಾಪ್‌ಗಳಿಗೆ ಹೆಸರಿಡುವ ಕ್ರಮ ಬೇರೆ ಬೇರೆ.
* ಗೋಡೆಗಳ ಚಿತ್ರ ಕಾಣೆಯೇ? ಲೆವೆಲ್‌ಗೆ ಇನ್ನೊಂದು ಚಿತ್ರಗಳ ವ್ಯಾಡ್ ಬೇಕಿರಬಹುದು. ಟೆಕ್ಸ್ಟ್ ಫೈಲ್ ನೋಡಿ.
* ಆಟ ಶುರುವಾಗಿ ತಟ್ಟನೆ ಮುಚ್ಚಿಕೊಂಡಿತೇ? ಎಂಜಿನ್ ಬದಲಿಸಿ ನೋಡಿ.
* ಸೇವ್ ತೆರೆಯುತ್ತಿಲ್ಲವೇ? ಸೇವ್ ಮಾಡಿದಾಗ ಹಾಕಿದ್ದ ವ್ಯಾಡ್‌ಗಳನ್ನೇ ಮತ್ತೆ ಹಾಕಿ ಆಟ ತೆರೆಯಿರಿ.

ಯಾವುದರಿಂದ ಶುರು?

2003ರ ‘ಸೈದ್’ನಲ್ಲಿ 32 ಮ್ಯಾಪ್‌ಗಳಿವೆ. ಆರಂಭದವು ಚಿಕ್ಕವು, ಬೇಗ ಮುಗಿಯುತ್ತವೆ, ಕಲಿಯಲು ಒಳ್ಳೆಯದು. 2014ರ ‘ಗೋಯಿಂಗ್ ಡೌನ್’ ಒಂದು ಎತ್ತರದ ಕಟ್ಟಡದ ತಾರಸಿಯಿಂದ ಮಹಡಿ ಮಹಡಿಯಾಗಿ ಕೆಳಗಿಳಿಸುತ್ತದೆ. ಡೂಮ್ ಸೃಷ್ಟಿಕರ್ತರಲ್ಲಿ ಒಬ್ಬರಾದ ಜಾನ್ ರೊಮೆರೊ 2019ರಲ್ಲಿ ಉಚಿತವಾಗಿ ಕೊಟ್ಟ ‘ಸಿಜಿಲ್’ಗೆ ಕೊಂಡ ‘ಡೂಮ್.ವ್ಯಾಡ್’ ಬೇಕು. ಫೈಲ್‌ಗಳ ಗೊಡವೆಯೇ ಬೇಡ ಎನ್ನುವವರು 2024ರಲ್ಲಿ ಬಂದ ಅಧಿಕೃತ ‘ಡೂಮ್ + ಡೂಮ್ 2’ ಕೊಳ್ಳಬಹುದು. ಅಭಿಮಾನಿಗಳ ಕೆಲಸಗಳನ್ನು ಆಟದೊಳಗೇ ಹುಡುಕಿ ಇಳಿಸಿಕೊಳ್ಳುವ ಸೌಲಭ್ಯ ಅದರಲ್ಲಿದೆ.

ಒಂದೊಂದು ವ್ಯಾಡನ್ನೂ ಅದರ ಟೆಕ್ಸ್ಟ್ ಫೈಲ್ ಸಮೇತ ಬೇರೆ ಬೇರೆ ಫೋಲ್ಡರ್‌ನಲ್ಲಿ ಇಡಿ. ಆರು ತಿಂಗಳು ಬಿಟ್ಟು ಮತ್ತೆ ಆಡಲು ಕೂತಾಗ ಯಾವುದಕ್ಕೆ ಯಾವುದು ಎಂದು ತಡಕಾಡಬೇಕಾಗುವುದಿಲ್ಲ.