ದೊಡ್ಡ ಕ್ಯಾಮ್ ಹಾಕಿದ ಎಂಜಿನ್ನಿಗೆ ಪಿಸಿವಿ ವಾಲ್ವ್ ಯಾವುದು?

ಹಳೆಯ ಅಮೆರಿಕನ್ ವಿ8 ಎಂಜಿನ್ನಿಗೆ ಹೆಚ್ಚು ಪವರ್ ಬೇಕೆಂದು ದೊಡ್ಡ ಕ್ಯಾಮ್ ಹಾಕಿಸಿದ ಮೇಲೆ ಐಡ್ಲಿಂಗ್ ಸ್ಥಿರವಾಗಿ ನಿಲ್ಲದಿದ್ದರೆ ತಪ್ಪೆಲ್ಲ ಕಾರ್ಬುರೇಟರ್ ತಲೆಗೆ ಬರುತ್ತದೆ. ಟ್ಯಾಪೆಟ್ ಕವರಿನಲ್ಲಿ ಕೂತ ಹೆಬ್ಬೆರಳಿನಷ್ಟು ಪಿಸಿವಿ (ಪಾಸಿಟಿವ್ ಕ್ರ್ಯಾಂಕ್‌ಕೇಸ್ ವೆಂಟಿಲೇಷನ್) ವಾಲ್ವ್ ಕಡೆಗೆ ಯಾರ ಕಣ್ಣೂ ಹೋಗುವುದಿಲ್ಲ. ಅದು ಮಾಡುವ ಕೆಲಸವೋ, ಇನ್‌ಟೇಕ್ ಮ್ಯಾನಿಫೋಲ್ಡಿಗೆ ಅಳೆದು ಬಿಟ್ಟ ಗಾಳಿಸೋರಿಕೆ. ಯಾವ ಎಂಜಿನ್ನಿಗೆಂದು ಅಳೆದಿದ್ದಾರೋ ಅದಕ್ಕಷ್ಟೇ ಆ ಲೆಕ್ಕ ಹೊಂದುತ್ತದೆ. ಆದ್ದರಿಂದ ರಬ್ಬರ್ ಗ್ರಾಮೆಟ್ಟಿಗೆ ಕೂರುತ್ತದೆ, ಪೈಪಿಗೆ ಹೊಂದುತ್ತದೆ ಎಂದು ವಾಲ್ವ್ ಕೊಳ್ಳಬಾರದು. ವ್ಯಾಕ್ಯೂಮ್ ಗೇಜ್ ಏನು ಹೇಳುತ್ತದೋ ಅದರ ಮೇಲೆ ಕೊಳ್ಳಬೇಕು.

ಪಿಸ್ಟನ್ ರಿಂಗುಗಳನ್ನು ದಾಟಿ ಕ್ರ್ಯಾಂಕ್‌ಕೇಸಿಗೆ ಇಳಿಯುವ ಅನಿಲವನ್ನು ಮ್ಯಾನಿಫೋಲ್ಡಿಗೆ ಎಳೆಯುವ ದಾರಿ ಈ ವಾಲ್ವ್. ಆ ಅನಿಲ ಐಡ್ಲಿಂಗಿನಲ್ಲಿ ಕಡಿಮೆ, ಎಂಜಿನ್ ಎಳೆಯುವಾಗ ಹೆಚ್ಚು. ಮ್ಯಾನಿಫೋಲ್ಡಿನ ವ್ಯಾಕ್ಯೂಮ್ ಇದಕ್ಕೆ ತದ್ವಿರುದ್ಧ: ಐಡ್ಲಿಂಗಿನಲ್ಲಿ ಹೆಚ್ಚು, ಥ್ರಾಟಲ್ ತೆರೆದಾಗ ಕಡಿಮೆ. ಈ ಎರಡನ್ನೂ ಹೊಂದಿಸುವುದು ವಾಲ್ವಿನೊಳಗಿನ ಪ್ಲಂಜರ್ ಮತ್ತು ಸ್ಪ್ರಿಂಗು. ವ್ಯಾಕ್ಯೂಮ್ ಜೋರಾಗಿದ್ದಾಗ ಪ್ಲಂಜರ್ ಎಳೆದುಕೊಂಡು ಹೋಗಿ ದಾರಿ ಕಿರಿದು ಮಾಡುತ್ತದೆ. ಇಳಿದಾಗ ಸ್ಪ್ರಿಂಗ್ ಅದನ್ನು ಹಿಂದೆ ತಳ್ಳಿ ದಾರಿ ಅಗಲಿಸುತ್ತದೆ. ಬ್ಯಾಕ್‌ಫೈರ್ ಆದರೆ ಪೂರ್ತಿ ಮುಚ್ಚಿ ಬೆಂಕಿ ಕ್ರ್ಯಾಂಕ್‌ಕೇಸಿಗೆ ಹೋಗದಂತೆ ತಡೆಯುತ್ತದೆ. ಕಂಪನಿಯಿಂದ ಬಂದ ಸಾಧಾರಣ ಎಂಜಿನ್ ಸಮುದ್ರಮಟ್ಟದಲ್ಲಿ ಐಡ್ಲಿಂಗಿನಲ್ಲಿ 17ರಿಂದ 21 ಇಂಚು (ಪಾದರಸ) ವ್ಯಾಕ್ಯೂಮ್ ತೋರಿಸುತ್ತದೆ. ದೊಡ್ಡ ಕ್ಯಾಮಿನದು 8-10 ಇಂಚಿಗೆ ಇಳಿಯಬಹುದು, ಅದೂ ಮುಳ್ಳು ನಡುಗುತ್ತಾ. ಹಳೆಯ ಸ್ಪ್ರಿಂಗಿಗೆ ಇದು ಐಡ್ಲಿಂಗ್ ಎಂದು ಗೊತ್ತಾಗುವುದೇ ಇಲ್ಲ. ಕಾರು ರಸ್ತೆಯಲ್ಲಿ ಓಡುತ್ತಿದೆ ಎಂಬಂತೆ ಅದು ದಾರಿ ಪೂರ್ತಿ ಬಿಡುತ್ತದೆ, ಇಲ್ಲವೇ ಪ್ಲಂಜರ್ ಅತ್ತಿತ್ತ ಬಡಿದಾಡುತ್ತದೆ. ಗಾಳಿ ಹೆಚ್ಚಾಗಿ ಮಿಶ್ರಣ ತೆಳುವಾಗುತ್ತದೆ, ಎಣ್ಣೆಯೂ ಜೊತೆಗೆ ಎಳೆದುಹೋಗುತ್ತದೆ. ಆಗ ಜೆಟ್ ಎಷ್ಟು ಬದಲಿಸಿದರೂ ಉಪಯೋಗವಿಲ್ಲ.

ಹಾಗಾಗಿ ಮೊದಲ ಕೆಲಸ ಅಳತೆ. ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಗೇಜನ್ನು ನೇರ ಮ್ಯಾನಿಫೋಲ್ಡ್ ವ್ಯಾಕ್ಯೂಮಿಗೆ ಜೋಡಿಸಿ. ಥ್ರಾಟಲ್ ಪ್ಲೇಟಿನ ಮೇಲಿನ ಪೋರ್ಟ್ ಆಗದು. ಆಟೋಮ್ಯಾಟಿಕ್ ಗೇರ್ ಇದ್ದರೆ ಚಕ್ರಕ್ಕೆ ಅಡ್ಡ ಕೊಟ್ಟು, ಬ್ರೇಕ್ ಹಿಡಿದು, ಡ್ರೈವ್‌ಗೆ ಹಾಕಿದಾಗಿನ ಅಂಕಿಯೇ ಲೆಕ್ಕಕ್ಕೆ, ಏಕೆಂದರೆ ಅದೇ ಕನಿಷ್ಠ. ಸಮನಾದ ವೇಗದಲ್ಲಿ ಓಡುವಾಗಿನ ಅಂಕಿಯನ್ನೂ ಬರೆದಿಟ್ಟುಕೊಳ್ಳಿ. ಪ್ರತಿ ಸಾವಿರ ಅಡಿ ಎತ್ತರಕ್ಕೆ ಗೇಜಿನಲ್ಲಿ ಸುಮಾರು ಒಂದಿಂಚು ಇಳಿಯುತ್ತದೆ ಎಂಬುದು ನೆನಪಿರಲಿ. ಕಡಲ ಮಟ್ಟದಲ್ಲಿ 12 ಇದ್ದದ್ದು ಡೆನ್ವರ್‌ನಲ್ಲಿ ಏಳರ ಹತ್ತಿರ ಬರುತ್ತದೆ. ನಮ್ಮ ಬೆಂಗಳೂರಿನಲ್ಲೂ ಮೂರು ಇಂಚು ಕಳೆಯಬೇಕು.

ಐಡ್ಲಿಂಗಿನಲ್ಲಿ 15ರ ಮೇಲೆ ಮುಳ್ಳು ಅಲುಗದೆ ನಿಂತರೆ ಸಾಧಾರಣ ವಾಲ್ವೇ ಸಾಕು. ಇದಕ್ಕೆ ಹೆಚ್ಚು ಹಣ ಹಾಕುವುದು ವ್ಯರ್ಥ. ಅದಕ್ಕಿಂತ ಕೆಳಗಿದ್ದರೆ ಹೊಂದಿಸಿಕೊಳ್ಳಬಲ್ಲ ವಾಲ್ವ್ ನೋಡಬೇಕು. ಎಂ/ಇ ವ್ಯಾಗ್ನರ್ ಮಾಡುವ ‘ಡ್ಯುಯಲ್ ಫ್ಲೋ’ದಲ್ಲಿ ಐಡ್ಲಿಂಗಿನ ಹರಿವನ್ನೂ ಓಡುವಾಗಿನ ಹರಿವನ್ನೂ ಬೇರೆಬೇರೆಯಾಗಿ ಹೊಂದಿಸಬಹುದು. ವ್ಯಾಕ್ಯೂಮ್ ತೀರಾ ಕಡಿಮೆಯಿದ್ದು ಎರಡು ಅಂಕಿಗಳ ನಡುವೆ ಅಂತರವೇ ಇಲ್ಲದಿದ್ದರೆ ಒಂದೇ ಅಳತೆಯ ರಂಧ್ರವಾಗಿಯೂ ಅದನ್ನು ಇಟ್ಟುಕೊಳ್ಳಬಹುದು. ಹಾಗೆಂದು ಮನೆಯಲ್ಲೇ ಪೈಪಿಗೆ ತೂತು ಕೊರೆದು ಹಾಕುವವರಿದ್ದಾರೆ. ಅದರಲ್ಲಿ ಬ್ಯಾಕ್‌ಫೈರ್ ತಡೆಯುವ ಏನೂ ಇರುವುದಿಲ್ಲ.

ಇಷ್ಟು ತಾಪತ್ರಯ ಏಕೆ, ಎರಡು ಕವರಿಗೂ ಬ್ರೀದರ್ ಹಾಕಿದರೆ ಮುಗಿಯಿತಲ್ಲ ಎಂಬ ವಾದ ಬಲವಾಗಿಯೇ ಇದೆ. ಓಟದ ಪಂದ್ಯಕ್ಕಷ್ಟೇ ಇರುವ, ಎಣ್ಣೆಯನ್ನು ಪದೇಪದೇ ಬದಲಿಸುವ ಎಂಜಿನ್ನಿಗೆ ಅದನ್ನು ಒಪ್ಪಬಹುದು. ರಸ್ತೆಯ ಕಾರಿಗೆ ಒಪ್ಪಲಾಗದು. ಬ್ರೀದರ್ ಒತ್ತಡ ಇಳಿಸುತ್ತದೆ, ಒಳಗಿನ ನೀರಾವಿಯನ್ನೂ ಆಮ್ಲವನ್ನೂ ಎಳೆದು ಹೊರಗೆ ಹಾಕುವುದಿಲ್ಲ. ಪಿಸಿವಿ ಬರುವ ಮೊದಲು ಕಾರುಗಳಿಗಿದ್ದ ಡ್ರಾಫ್ಟ್ ಟ್ಯೂಬ್ ಕೆಲಸ ಮಾಡುತ್ತಿದ್ದದ್ದು ಕಾರು ಓಡುವ ಗಾಳಿಯಿಂದ; ನಿಂತು ನಿಂತು ಚಲಿಸುವ ನಗರದ ಗಾಡಿಗಳಲ್ಲಿ ಕೆಸರು ಕಟ್ಟುತ್ತಿದ್ದದ್ದು ಅದಕ್ಕೇ. ಕ್ಯಾಲಿಫೋರ್ನಿಯಾದ ಹೊಸ ಕಾರುಗಳಿಗೆ 1961ರಲ್ಲಿ ಪಿಸಿವಿ ಬಂದದ್ದು ಹೊಗೆಮಂಜಿನ ಕಾರಣಕ್ಕೆ, ನಿಜ. ಆದರೆ ಎಂಜಿನ್ನಿಗೂ ಅದರಿಂದ ಲಾಭವೇ ಆಯಿತು. ಇನ್ನು ಕ್ಯಾಚ್ ಕ್ಯಾನ್ ಇದೆಯಲ್ಲ ಎನ್ನುವವರಿಗೆ: ಅದು ಎಣ್ಣೆ ಹಿಡಿಯುತ್ತದೆ, ಗಾಳಿಯ ಅಳತೆ ನಿರ್ಧರಿಸುವುದಿಲ್ಲ. ಅಲುಗಿಸಿದರೆ ಸದ್ದು ಬರುತ್ತದೆ, ವಾಲ್ವ್ ಚೆನ್ನಾಗಿದೆ ಎಂಬ ಗ್ಯಾರೇಜಿನ ಪರೀಕ್ಷೆ ಹೇಳುವುದೂ ಪ್ಲಂಜರ್ ಅಂಟಿಕೊಂಡಿಲ್ಲ ಎಂಬುದನ್ನಷ್ಟೇ.

ಹೊಸ ವಾಲ್ವನ್ನು ಅಡಿಯಲ್ಲಿ ಬ್ಯಾಫಲ್ ಇರುವ ಕಡೆಯೇ ಕೂರಿಸಿ, ಇಲ್ಲದಿದ್ದರೆ ರಾಕರ್‌ಗಳಿಂದ ಸಿಡಿಯುವ ಎಣ್ಣೆ ನೇರ ಒಳಗೆ ಹೋಗುತ್ತದೆ. ಪೈಪನ್ನು ಕಾರ್ಬುರೇಟರ್ ಬುಡಕ್ಕೆ ಕೊಡಿ; ಮ್ಯಾನಿಫೋಲ್ಡಿನ ಒಂದೇ ರನ್ನರಿಗೆ ಕೊಟ್ಟರೆ ಆ ಸಿಲಿಂಡರ್ ಮಾತ್ರ ತೆಳು ಮಿಶ್ರಣದಲ್ಲಿ ಓಡುತ್ತದೆ. ತಾಜಾ ಗಾಳಿ ಎದುರಿನ ಕವರಿನಿಂದ ಬರಲಿ. ಆಮೇಲೆ, ಆಮೇಲಷ್ಟೇ, ಐಡಲ್ ಮಿಕ್ಸ್ಚರ್ ಸ್ಕ್ರೂ ಮುಟ್ಟಿ. ಕೊನೆಗೆ ತಾಜಾ ಗಾಳಿಯ ದಾರಿ ಮುಚ್ಚಿ, ಎಣ್ಣೆ ಹಾಕುವ ಮುಚ್ಚಳ ತೆಗೆದು, ಬಾಯಿಗೆ ಒಂದು ಕಾಗದ ಇಟ್ಟು ನೋಡಿ. ಸ್ವಲ್ಪ ಹೊತ್ತಿನಲ್ಲಿ ಕಾಗದ ಒಳಕ್ಕೆ ಅಂಟಿಕೊಳ್ಳಬೇಕು. ಹೊರಕ್ಕೆ ಹಾರಿದರೆ ಹರಿವು ಸಾಲದು, ಇಲ್ಲವೇ ರಿಂಗುಗಳೇ ಸವೆದಿವೆ. ರಿಂಗು ಸವೆದಿದ್ದರೆ ಯಾವ ವಾಲ್ವೂ ಅದನ್ನು ಸರಿಮಾಡದು.