ಜೇನು ಸಾಕಣೆ: ಜಾಲತಾಣದ ಮಾಹಿತಿಯನ್ನು ಒರೆಹಚ್ಚುವುದು ಹೇಗೆ?

ಮನೆಯ ಹಿತ್ತಲಿನಲ್ಲಾಗಲಿ ತೋಟದ ಅಂಚಿನಲ್ಲಾಗಲಿ ಒಂದೆರಡು ಜೇನುಪೆಟ್ಟಿಗೆಗಳನ್ನು ಇಟ್ಟುಕೊಳ್ಳುವುದು ಕಡಿಮೆ ಖರ್ಚಿನ, ಉಪಯುಕ್ತವಾದ ಹವ್ಯಾಸ. ಹಿಂದೆ ಇದನ್ನು ಕಲಿಯಬೇಕೆನ್ನುವವರು ಅನುಭವಸ್ಥ ಸಾಕಣೆಗಾರರೊಬ್ಬರ ಬಳಿ ಒಂದು ಹಂಗಾಮು ಓಡಾಡಬೇಕಾಗಿತ್ತು. ಈಗ ಮೊಬೈಲಿನಲ್ಲಿ ಎರಡು ಪದ ಬರೆದು ಹುಡುಕಿದರೆ ಸಾಕು, ಲೆಕ್ಕವಿಲ್ಲದಷ್ಟು ಜಾಲತಾಣಗಳು ಕಣ್ಣೆದುರಿಗೆ ಬರುತ್ತವೆ. ಪುಸ್ತಕವಾದರೆ ಅಚ್ಚಾಗುವ ಮುನ್ನ ಒಬ್ಬರಾದರೂ ಓದಿ ತಿದ್ದಿರುತ್ತಾರೆ. ಜಾಲತಾಣಕ್ಕೆ ಅಂಥ ಕಟ್ಟುಪಾಡಿಲ್ಲ, ಬರೆಯಬೇಕೆಂದವರೆಲ್ಲ ಬರೆಯಬಹುದು. ಓದುವವರೇ ಜರಡಿ ಹಿಡಿಯಬೇಕು. ಇಲ್ಲವಾದರೆ ಕೊಟ್ಟ ಹಣ ಹೋಗುವುದಲ್ಲದೆ ಪೆಟ್ಟಿಗೆಯಲ್ಲಿದ್ದ ಜೇನು ಕುಟುಂಬವೂ ಕೈತಪ್ಪುತ್ತದೆ.

ಯಾವ ಜೇನು, ಯಾವ ಊರು?

ಜೇನಿನ ಬಗ್ಗೆ ಯಾವುದೇ ಪುಟವನ್ನು ತೆರೆದಾಗ ಮೊದಲು ನೋಡಬೇಕಾದುದು ಅದು ಯಾವ ಜೇನಿಗೆ ಸಂಬಂಧಿಸಿದ್ದು ಎಂಬುದನ್ನು. ಅಮೆರಿಕ, ಯುರೋಪುಗಳ ಜಾಲತಾಣಗಳು ಹೇಳುವುದೆಲ್ಲ ಎಪಿಸ್ ಮೆಲ್ಲಿಫೆರಾ ಎಂಬ ಯುರೋಪಿನ ಜೇನಿನ ಮಾತು. ಕರ್ನಾಟಕದ ಮಲೆನಾಡು, ಕರಾವಳಿ, ಕೊಡಗುಗಳಲ್ಲಿ ಹೆಚ್ಚಾಗಿ ಸಾಕುವುದು ತುಡುವೆ ಜೇನನ್ನು, ಅಂದರೆ ಎಪಿಸ್ ಸೆರಾನಾ ಇಂಡಿಕಾವನ್ನು. ನೋಡಲು ಇವೆರಡೂ ಅಣ್ಣತಮ್ಮಂದಿರಂತಿದ್ದರೂ ನಡವಳಿಕೆಯಲ್ಲಿ ಬಹಳ ಅಂತರವಿದೆ.

ಲ್ಯಾಂಗ್‌ಸ್ಟ್ರಾತ್ ಪೆಟ್ಟಿಗೆಯನ್ನೇ ನೋಡಬಹುದು. 1851ರಲ್ಲಿ ಲ್ಯಾಂಗ್‌ಸ್ಟ್ರಾತ್ ಎಂಬ ಅಮೆರಿಕದ ಪಾದ್ರಿಯು ನೊಣಗಳು ಓಡಾಡಲು ಚೌಕಟ್ಟುಗಳ ಸುತ್ತ ಬಿಡಬೇಕಾದ ಸಂದಿಯ ಮಹತ್ವವನ್ನು ಮನಗಂಡು ಪೆಟ್ಟಿಗೆಯನ್ನು ರೂಪಿಸಿದರು. ಆ ಸಂದಿ ಸುಮಾರು 9.5 ಮಿ.ಮೀ. ಚಿಕ್ಕ ಮೈಯ ತುಡುವೆಗೆ 7ರಿಂದ 8 ಮಿ.ಮೀ. ಸಾಕು. ಹೆಚ್ಚು ಬಿಟ್ಟರೆ ನೊಣಗಳು ಆ ಜಾಗದಲ್ಲಿ ಅಡ್ಡಾದಿಡ್ಡಿ ಎರಿ ಕಟ್ಟಿ ಚೌಕಟ್ಟುಗಳನ್ನು ಒಂದಕ್ಕೊಂದು ಅಂಟಿಸಿಬಿಡುತ್ತವೆ. ದಕ್ಷಿಣ ಭಾರತದಲ್ಲಿ ನ್ಯೂಟನ್ ಪಾದ್ರಿಯವರು 1910ರ ದಶಕದಲ್ಲಿ ಚಿಕ್ಕ ಪೆಟ್ಟಿಗೆಯನ್ನು ರೂಪಿಸಿದ್ದು ಈ ಕಾರಣಕ್ಕಾಗಿಯೇ. ವಿದೇಶದ ಜಾಲತಾಣದಲ್ಲಿ ಕಂಡ ನಕ್ಷೆಯಂತೆ ಬಡಗಿಯಿಂದ ದೊಡ್ಡ ಪೆಟ್ಟಿಗೆ ಮಾಡಿಸಿ ತುಡುವೆಯನ್ನು ತುಂಬಿದರೆ ಅಷ್ಟು ಜಾಗವನ್ನು ಕಾಯುವಷ್ಟು ನೊಣಗಳು ಕುಟುಂಬದಲ್ಲಿ ಇರುವುದಿಲ್ಲ. ಖಾಲಿ ಮೂಲೆಗೆ ಮೇಣದ ಪತಂಗ ಸೇರುತ್ತದೆ. ಕೊನೆಗೆ ಕುಟುಂಬವೇ ಪೆಟ್ಟಿಗೆ ಬಿಟ್ಟು ಹಾರಿಹೋಗುತ್ತದೆ. ನಕ್ಷೆಯಲ್ಲಿ ತಪ್ಪಿರಲಿಲ್ಲ, ಅದು ಬೇರೆ ಜೇನಿನದಾಗಿತ್ತು.

ಕಾಲಮಾನದ ವಿಷಯವೂ ಹೀಗೆಯೇ. ಹಿಮ ಬೀಳುವ ದೇಶದ ಪುಟವು ಚಳಿಗಾಲಕ್ಕೆ ಆಹಾರ ಕೂಡಿಡಲು ಹೇಳುತ್ತದೆ. ಮಲೆನಾಡಿನ ಜೇನಿಗೆ ಕಷ್ಟಕಾಲವೆಂದರೆ ಮಳೆಗಾಲ. ಸಕ್ಕರೆ ಮತ್ತು ನೀರನ್ನು ಸಮಪ್ರಮಾಣದಲ್ಲಿ ಬೆರೆಸಿದ ಪಾಕವನ್ನು ಕೊಡಬೇಕಾದದ್ದು ಆಗ. ವಾರಕ್ಕೊಮ್ಮೆ ಪೆಟ್ಟಿಗೆ ಬಿಚ್ಚಿ ನೋಡಬೇಕೆಂಬ ಸಲಹೆಯನ್ನು ಮೆಲ್ಲಿಫೆರಾ ಸಹಿಸಿಕೊಂಡೀತು. ಪದೇ ಪದೇ ಕೆಣಕಿದರೆ ತುಡುವೆ ಜಾಗ ಖಾಲಿ ಮಾಡುತ್ತದೆ.

ಇಳುವರಿಯ ಅಂಕಿಗಳನ್ನು ಓದುವಾಗಲೂ ಇದನ್ನು ಮರೆಯಬಾರದು. ಪೆಟ್ಟಿಗೆಯೊಂದಕ್ಕೆ ವರ್ಷಕ್ಕೆ 30–40 ಕಿ.ಗ್ರಾಂ. ತುಪ್ಪ ಎಂದು ಬರೆದಿದ್ದರೆ ಅದು ಹೂವಿನ ಬೆಳೆ ಹುಡುಕಿ ಊರೂರಿಗೆ ಸಾಗಿಸುವ ಮೆಲ್ಲಿಫೆರಾ ಪೆಟ್ಟಿಗೆಗಳ ಮಾತು. ಒಂದೇ ಕಡೆ ಇರಿಸಿದ ತುಡುವೆ ಪೆಟ್ಟಿಗೆಯಿಂದ 6–8 ಕಿ.ಗ್ರಾಂ. ದೊರೆತರೆ ಒಳ್ಳೆಯ ಫಸಲೆಂದೇ ಎಣಿಸಬೇಕು. ಇನ್ನು, ತುಡುವೆಯಿಂದ ಪ್ರೊಪೊಲಿಸ್ ತೆಗೆದು ಮಾರಬಹುದೆಂದು ಹೇಳುವ ಪುಟವನ್ನು ಅಲ್ಲಿಗೇ ಮುಚ್ಚಬಹುದು. ತುಡುವೆ ನೊಣ ಆ ಮರದಂಟನ್ನು ಕೂಡಿಹಾಕುವುದೇ ಇಲ್ಲ!

ಬರೆದವರು ಯಾರು?

ಜಾಲತಾಣದ ವಿಳಾಸದ ಕೊನೆಯ ಭಾಗವನ್ನು ಗಮನಿಸುವುದು ಒಳ್ಳೆಯ ಅಭ್ಯಾಸ. 'ಜಿ-ಒ-ವಿ ಡಾಟ್ ಇನ್' ಸರ್ಕಾರಿ ಸಂಸ್ಥೆಗಳಿಗೂ 'ಎ-ಸಿ ಡಾಟ್ ಇನ್' ಶಿಕ್ಷಣ ಸಂಸ್ಥೆಗಳಿಗೂ ಮೀಸಲು. 'ಡಾಟ್ ಕಾಮ್', 'ಡಾಟ್ ಆರ್ಗ್', ಬರಿಯ 'ಡಾಟ್ ಇನ್' ಇವುಗಳನ್ನು ಯಾರು ಬೇಕಾದರೂ ಹಣ ಕೊಟ್ಟು ಪಡೆಯಬಹುದು. ಹೆಸರಿನ ನಡುವೆ ಎಲ್ಲೋ 'ಗವ್' ಎಂದು ಸೇರಿಸಿದ ಮಾತ್ರಕ್ಕೆ ಅದು ಸರ್ಕಾರದ್ದಾಗುವುದಿಲ್ಲ. ಕೆಲವು ಫೋನುಗಳಲ್ಲಿ ವಿಳಾಸದ ಪಕ್ಕ ಕಾಣುವ ಬೀಗದ ಗುರುತನ್ನು ಹಲವರು ಸತ್ಯದ ಮುದ್ರೆಯೆಂದು ತಿಳಿಯುತ್ತಾರೆ. ಓದುವವರ ಫೋನಿಗೂ ಆ ತಾಣಕ್ಕೂ ನಡುವೆ ನಡೆಯುವ ವ್ಯವಹಾರವನ್ನು ಮೂರನೆಯವರು ಕದ್ದು ನೋಡಲಾರರು ಎಂಬುದಷ್ಟೇ ಅದರ ಅರ್ಥ. ಸುಳ್ಳನ್ನೂ ಬೀಗ ಹಾಕಿ ಕಳುಹಿಸಬಹುದು.

ಸರ್ಕಾರಿ ಪುಟವೆಂದ ಮಾತ್ರಕ್ಕೆ ಎಲ್ಲವೂ ಸರಿಯೆಂದೂ ಅಲ್ಲ. ಹಳೆಯ ಸಹಾಯಧನದ ವಿವರ ವರ್ಷಗಟ್ಟಲೆ ಹಾಗೆಯೇ ಉಳಿದಿರುವುದುಂಟು. ಮತ್ತೊಂದೆಡೆ, ಇಪ್ಪತ್ತು ವರ್ಷ ಜೇನು ಸಾಕಿದ ರೈತರೊಬ್ಬರು ತಮ್ಮ ಊರು, ಜೇನಿನ ಜಾತಿ, ತಿಂಗಳು, ಸೋತ ಪ್ರಯೋಗ ಎಲ್ಲವನ್ನೂ ತಿಳಿಸಿ ಬರೆದ ಪುಟವು ಹೆಸರಿಲ್ಲದ ಆಡಂಬರದ ಪುಟಕ್ಕಿಂತ ಎಷ್ಟೋ ಮೇಲು. ಪೆಟ್ಟಿಗೆ ಮಾರುವವರೇ ಪೆಟ್ಟಿಗೆಯ ಗುಣಗಾನ ಮಾಡಿದ್ದರೆ ಅದನ್ನು ಜಾಹೀರಾತೆಂದೇ ಓದಬೇಕು. ಹುಡುಕಿದಾಗ ಎಲ್ಲಕ್ಕಿಂತ ಮೇಲೆ ಬರುವ ಪುಟ ಹಣ ಕೊಟ್ಟು ಆ ಜಾಗ ಪಡೆದದ್ದೂ ಆಗಿರಬಹುದು.

ಹತ್ತು ಪುಟ, ಒಂದೇ ಮೂಲ

ಹತ್ತು ಕಡೆ ಒಂದೇ ಮಾತು ಕಂಡರೆ ಅದು ನಿಜವೆಂಬ ಭಾವನೆ ಸಹಜ. ಆದರೆ ಒಂದು ಪುಟದಿಂದ ಇನ್ನೊಂದು ಪುಟಕ್ಕೆ ನಕಲಾಗುವುದೇ ಹೆಚ್ಚು. ಸಂಶಯ ಬಂದ ವಾಕ್ಯವೊಂದನ್ನು ಉದ್ಧರಣ ಚಿಹ್ನೆಗಳ ನಡುವೆ ಇಟ್ಟು ಹುಡುಕಿದರೆ ಅಕ್ಷರ ತಪ್ಪದೆ ನಕಲಾದ ಪುಟಗಳು ಸಾಲಾಗಿ ಕಾಣುತ್ತವೆ. ಇವನ್ನು ಹತ್ತು ಸಾಕ್ಷಿಗಳೆಂದು ಎಣಿಸದೆ ಒಂದೆಂದೇ ಎಣಿಸಬೇಕು.

ಜೇನುನೊಣ ಅಳಿದರೆ ಮನುಷ್ಯಕುಲ ನಾಲ್ಕೇ ವರ್ಷ ಬಾಳುತ್ತದೆಂದು ಐನ್‌ಸ್ಟೈನ್ ಹೇಳಿದರೆಂಬ ಮಾತು ಇದಕ್ಕೆ ತಕ್ಕ ನಿದರ್ಶನ. ಅವರು ಹಾಗೆ ಹೇಳಿದ್ದಕ್ಕೆ ಆಧಾರ ದೊರೆತಿಲ್ಲ. ವ್ಯವಸಾಯ ಬಲ್ಲವರಿಗಂತೂ ಆ ಮಾತು ಕೇಳಿದೊಡನೆಯೇ ಅನುಮಾನ ಬರಬೇಕು. ಭತ್ತ, ರಾಗಿ, ಗೋಧಿ ಮುಖ್ಯವಾಗಿ ಸ್ವಕೀಯ ಪರಾಗಸ್ಪರ್ಶದಿಂದಲೂ ಮುಸುಕಿನ ಜೋಳ ಗಾಳಿಯ ನೆರವಿನಿಂದಲೂ ಕಾಳು ಕಟ್ಟುತ್ತವೆ. ಸೂರ್ಯಕಾಂತಿ, ಏಲಕ್ಕಿ, ಕುಂಬಳ ಜಾತಿಯ ತರಕಾರಿಗಳಿಗೆ ಜೇನು ಬೇಕೇ ಬೇಕು. ಅದನ್ನು ಹೇಳಲು ಐನ್‌ಸ್ಟೈನರ ಹೆಸರು ಬೇಕಾಗಿಲ್ಲ. ಈ ಮಾತನ್ನು ತಲೆಬರಹದಲ್ಲಿ ಹಾಕಿಕೊಂಡ ಪುಟವು ಉಳಿದ ವಿಷಯಗಳನ್ನೂ ವಿಚಾರಿಸದೆ ಬರೆದಿರಬಹುದು.

ರೋಗ ಮತ್ತು ಔಷಧಿ

ಅತಿ ಹೆಚ್ಚು ನಷ್ಟವಾಗುವುದು ಇಲ್ಲಿ. 1991–92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ರೋಗವು ದಕ್ಷಿಣ ಭಾರತದ ತುಡುವೆ ಕುಟುಂಬಗಳಲ್ಲಿ ಬಹುಪಾಲನ್ನು ನಾಶಮಾಡಿತು. ಮರಿಹುಳು ಕೋಶಾವಸ್ಥೆಗೆ ಹೋಗುವ ಮುನ್ನವೇ ಸತ್ತು ನೀರು ತುಂಬಿದ ಚೀಲದಂತಾಗುವುದು ಇದರ ಚಿಹ್ನೆ. ಇದು ನಂಜಾಣುವಿನಿಂದ, ಎಂದರೆ ವೈರಸ್ಸಿನಿಂದ, ಬರುವ ರೋಗ. ಆದುದರಿಂದ ಸಕ್ಕರೆ ಪಾಕದಲ್ಲಿ ಆ್ಯಂಟಿಬಯೋಟಿಕ್ ಬೆರೆಸಿ ಕೊಟ್ಟರೆ ಇದು ವಾಸಿಯಾಗುವುದಿಲ್ಲ. ಔಷಧಿಯ ಶೇಷ ಮಾತ್ರ ತುಪ್ಪದಲ್ಲಿ ಉಳಿಯುತ್ತದೆ. ರೋಗ ತಗುಲಿದ ಕುಟುಂಬವನ್ನು ಬೇರೆಡೆಗೆ ಸರಿಸುವುದು, ರಾಣಿಯನ್ನು ಕೆಲವು ದಿನ ಪಂಜರದಲ್ಲಿಟ್ಟು ಮೊಟ್ಟೆಯಿಡುವುದನ್ನು ತಡೆಯುವುದು, ಕುಟುಂಬವನ್ನು ಬಲಪಡಿಸುವುದು, ಇವೇ ಉಪಾಯಗಳು. ಇದಕ್ಕೆ ಶೀಘ್ರ ಪರಿಹಾರವೆಂದು ಪುಡಿ ಅಥವಾ ದ್ರಾವಣ ಮಾರುವ ತಾಣವನ್ನು ನಂಬಬಾರದು.

ಪುಟದ ದಿನಾಂಕವೂ ಮುಖ್ಯ. ಅಮೆರಿಕದಲ್ಲಿ ಜೇನಿನ ಬ್ಯಾಕ್ಟೀರಿಯಾ ರೋಗಕ್ಕೆ ಬಳಸುವ ಆಕ್ಸಿಟೆಟ್ರಾಸೈಕ್ಲಿನ್ನನ್ನು ಮೊದಲು ಅಂಗಡಿಯಲ್ಲಿ ನೇರವಾಗಿ ಕೊಳ್ಳಬಹುದಾಗಿತ್ತು. 2017ರಿಂದ ಪಶುವೈದ್ಯರ ಆದೇಶ ಕಡ್ಡಾಯವಾಯಿತು. ಅದಕ್ಕೂ ಹಿಂದಿನ ಪುಟಗಳು ಜಾಲದಲ್ಲಿ ಇನ್ನೂ ಇವೆ, ಹಳೆಯ ಸಲಹೆಯನ್ನೇ ಕೊಡುತ್ತಿವೆ.

ಜೇನು ಕಚ್ಚಿದ ಬಳಿಕ ಉಸಿರಾಟಕ್ಕೆ ತೊಂದರೆ, ಮುಖ ನಾಲಿಗೆಗಳ ಊತ, ತಲೆಸುತ್ತು ಕಂಡುಬಂದರೆ ಮನೆಮದ್ದಿಗಾಗಿ ಫೋನಿನಲ್ಲಿ ಹುಡುಕುತ್ತ ಕೂರದೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಬೇಕು.

ತುಪ್ಪದ ಪರೀಕ್ಷೆ

ನೀರಿನ ಲೋಟಕ್ಕೆ ಹನಿ ಬಿಡುವುದು, ಬತ್ತಿಗೆ ಹಚ್ಚಿ ಉರಿಸುವುದು, ಹೆಬ್ಬೆರಳ ಮೇಲೆ ಇಡುವುದು, ಹೀಗೆ ಶುದ್ಧ ಜೇನುತುಪ್ಪವನ್ನು ಗುರುತಿಸುವ ವಿಧಾನಗಳು ಲೆಕ್ಕವಿಲ್ಲದಷ್ಟು ತಾಣಗಳಲ್ಲಿವೆ. 'ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು' ಎಂಬ ಗಾದೆಯಂತೆ ಇವನ್ನು ಮನೆಯಲ್ಲೇ ಪರೀಕ್ಷಿಸಬಹುದು. ಗಟ್ಟಿಯಾಗಿ ಕಾಯಿಸಿ ಆರಿಸಿದ ಸಕ್ಕರೆ ಪಾಕದ ಹನಿಯನ್ನು ನೀರಿಗೆ ಬಿಟ್ಟರೆ ಅದೂ ಕರಗದೆ ನೇರವಾಗಿ ತಳ ಸೇರುತ್ತದೆ. ನೀರಿನಂಶ ಹೆಚ್ಚಿರುವ ಅಪ್ಪಟ ತುಡುವೆ ತುಪ್ಪವೇ ಬೇಗ ಹರಡೀತು. ತುಪ್ಪ ಹರಳುಗಟ್ಟುವುದು ಕೂಡ ಕಲಬೆರಕೆಯ ಚಿಹ್ನೆಯಲ್ಲ, ಅದರ ಸಹಜ ಗುಣ. 2020ರ ಡಿಸೆಂಬರಿನಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರವು ಪ್ರಕಟಿಸಿದ ವರದಿಯ ಪ್ರಕಾರ 13 ಬ್ರಾಂಡುಗಳ ತುಪ್ಪದಲ್ಲಿ 10 ಎನ್.ಎಂ.ಆರ್. ಪರೀಕ್ಷೆಯಲ್ಲಿ ತೇರ್ಗಡೆಯಾಗಲಿಲ್ಲ, ಅವುಗಳಲ್ಲಿ ಹಲವು ಪ್ರಯೋಗಾಲಯದ ಸಾಮಾನ್ಯ ಪರೀಕ್ಷೆಗಳನ್ನು ದಾಟಿದ್ದವು. ಪ್ರಯೋಗಾಲಯಕ್ಕೇ ಸಿಕ್ಕಿಬೀಳದ ಕಲಬೆರಕೆ ಬೆಂಕಿಕಡ್ಡಿಗೆ ಸಿಕ್ಕೀತೆ?

ಹಣ ಕಳುಹಿಸುವ ಮುನ್ನ

ಜಾಲತಾಣದ ಮೂಲಕ ಜೇನು ಕುಟುಂಬ ಕೊಳ್ಳುವವರು ಮುಂಗಡ ಕಳುಹಿಸುವ ಮೊದಲು ಮಾರುವವರನ್ನು ಮಾತನಾಡಿಸಬೇಕು. ಜೇನು ಯಾವ ಜಾತಿಯದು, ಎಷ್ಟು ಚೌಕಟ್ಟುಗಳಲ್ಲಿ ಮರಿಗಳಿವೆ, ರಾಣಿ ಇದೆಯೆ, ಮೊಟ್ಟೆಯಿಡುತ್ತಿದೆಯೆ, ಪೆಟ್ಟಿಗೆಯ ಅಳತೆ ಏನು ಎಂಬುದನ್ನು ಕೇಳಬೇಕು. ನಿಜವಾಗಿ ಜೇನು ಸಾಕುವವರಿಗೆ ಇವು ಕಷ್ಟದ ಪ್ರಶ್ನೆಗಳಲ್ಲ. ಉತ್ತರಗಳನ್ನು ಬರೆದುಕೊಂಡು ಸಮೀಪದ ಕೃಷಿ ವಿಜ್ಞಾನ ಕೇಂದ್ರದಲ್ಲಾಗಲಿ ತೋಟಗಾರಿಕೆ ಇಲಾಖೆಯಲ್ಲಾಗಲಿ ತೋರಿಸಿ ವಿಚಾರಿಸುವುದು ಲೇಸು. ಸಾಧ್ಯವಾದರೆ ಸ್ವತಃ ಹೋಗಿ ಪೆಟ್ಟಿಗೆ ಬಿಚ್ಚಿಸಿ ನೋಡಬೇಕು. ಒಪ್ಪಿಗೆಯಾದ ಮೇಲೆ ಸಂಜೆ ನೊಣಗಳೆಲ್ಲ ಗೂಡು ಸೇರುವವರೆಗೆ ಕಾದು, ದ್ವಾರವನ್ನು ಗಾಳಿಯಾಡುವ ಜಾಲರಿಯಿಂದ ಮುಚ್ಚಿ, ಚೌಕಟ್ಟುಗಳು ಅಲುಗಾಡದಂತೆ ಕಟ್ಟಿ ರಾತ್ರಿಯೇ ಸಾಗಿಸಬೇಕು.